ತೊಳೆದು ಹೂತ ಚೆಂಬು

— ಮೊದಲು ಆ ಚೆಂಬು ಕೆಳಗಿಡಿ. ಆಮೇಲೆ ಮಾತು.

— ಇಡ್ತೀನಿ ಕಣೆ. ಎಲ್ಲಿಡೋದು ಅನ್ನೋದೇ ಈಗಿರೋ ಪ್ರಶ್ನೆ.

— ಎಲ್ಲಿಂದ ತೆಗೆದ್ರೋ ಅಲ್ಲಿ. ಅಟ್ಟದ ಮೇಲೆ, ನಿಮ್ಮಮ್ಮನ ಕೊಳಗದ ಪಕ್ಕದಲ್ಲಿ.

— ಮೆತ್ತಗೆ ಮಾತಾಡೇ, ಯಾರಾದ್ರೂ ಕೇಳಿಸ್ಕೊಂಡಾರು.

ಈ ಕೊನೆಯ ಮಾತನ್ನು ಗಿರಣಿಯವರು ಪಿಸುಗುಟ್ಟಿದರು. ಅವರು ಪಿಸುಗುಟ್ಟಿದರೆ ಎದುರು ಸಾಲಿನ ಔಷಧಿ ಅಂಗಡಿಯವನು ತಲೆಯೆತ್ತಿ ನೋಡುತ್ತಾನೆ. ಹಿಟ್ಟಿನ ಗಿರಣಿಯ ಬೆಲ್ಟಿನ ಸದ್ದಿನಲ್ಲೇ ಹುಟ್ಟಿ, ಅದರ ಪಕ್ಕದಲ್ಲೇ ಬೆಳೆದು, ಅದರ ಮುಂದೆಯೇ ತಲೆ ನರೆತ ಮನುಷ್ಯ ಅವರು. ಗಂಟಲಿಗೆ ಸಣ್ಣ ಸ್ವರ ಅನ್ನುವುದೊಂದು ಇದೆ ಅನ್ನುವುದೇ ಅವರಿಗೆ ಗೊತ್ತಿಲ್ಲ. ಅವರ ಹೆಂಡತಿ ಗಿರಣಿಯಮ್ಮನೂ ಕಮ್ಮಿ ಏನಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಆಕೆಯದು ಬಲು ಮೆಲುದನಿ ಎಂದು ತವರಿನವರು ಇವತ್ತಿಗೂ ಹೇಳುತ್ತಾರೆ. ಕೇಳಿದವರು ನಗುತ್ತಾರೆ.

ಗಂಡ ಹಿಟ್ಟಿನ ಚೀಲದೊಳಗೆ ತಾಮ್ರದ ಚೆಂಬು ಇಳಿಸಿಕೊಂಡು ಹಿಂಬಾಗಿಲಿನಿಂದ ಜಾರುತ್ತಿದ್ದುದು ಗಿರಣಿಯಮ್ಮನ ಕಣ್ಣಿಗೆ ಬಿದ್ದಿತ್ತು. ಬಾಗಿಲಿಗೆ ಅಡ್ಡ ನಿಂತಿದ್ದಳು. ಆ ಬಾಗಿಲೋ, ಗಿರಣಿ ಓಡುವಾಗಲೆಲ್ಲ ಅದುರಿ ಅದುರಿ ತಾನೇ ಮುಚ್ಚಿಕೊಳ್ಳುವ ಜಾತಿಯದು. ಅದಕ್ಕೆ ಅಡ್ಡ ಇಡಲು ಒಂದು ಕಲ್ಲು ತನ್ನಿ ಎಂದು ಆಕೆ ಹೇಳಿ ಹೇಳಿ ಸೋತಿದ್ದಳು. ಸದ್ಯಕ್ಕೆ ಬಾಗಿಲಿಗೆ ಆಕೆಯ ಬೆನ್ನೇ ಆಸರೆ.

— ಮೇಡಂ ನಾಳೆ ಅಗೆತ ಮುಗಿಸ್ತಾರಂತೆ, ಎಂದರು ಗಿರಣಿಯವರು.

— ಮುಗಿಸ್ಲಿ. ಅದಕ್ಕೂ ನಮ್ಮಮ್ಮನ ಚೆಂಬಿಗೂ ಏನು ಸಂಬಂಧ?

— ಇದೆ. ಏನೂ ಸಿಕ್ಕಲಿಲ್ಲ ಅಂತ ಬರೆದು ಸಹಿ ಹಾಕಿದ್ರೆ ಮರುದಿನವೇ ನಾವು ಗಿರಣಿ ಖಾಲಿ ಮಾಡ್ಬೇಕು. ಏನಾದ್ರೂ ಸಿಕ್ಕಿದ್ರೆ ಅವರು ಮುಗಿಸೋ ಹಾಗಿಲ್ಲ, ಇನ್ನೂ ಅಗೀಲೇಬೇಕು. ಅದು ರೂಲ್ಸು.

— ಅದಕ್ಕೆ?

— ಅದಕ್ಕೆ, ಸಿಗೋ ಹಾಗೆ ಮಾಡೋದು.

ಸಂಗತಿ ಏನೆಂದರೆ, ಗಿರಣಿಯ ಪಕ್ಕದಲ್ಲಿದ್ದ ಹಳೆಯ ಗೋದಾಮನ್ನು ಕೆಡವಿ ಅಲ್ಲೊಂದು ದೊಡ್ಡ ಕಟ್ಟಡ ಏಳುವುದಿತ್ತು. ಊರು ಹಳೆಯದು. ಹಳೆಯ ಊರಿನಲ್ಲಿ ಪಾಯ ತೋಡುವ ಮೊದಲು ನೆಲದಡಿ ಏನಿದೆ ಎಂದು ಸರ್ಕಾರದ ಅಗೆತದ ಇಲಾಖೆಯವರು ನೋಡಬೇಕು. ಹಾಗಾಗಿ ಮೇಡಂ ಒಬ್ಬರು ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದು, ಆ ಖಾಲಿ ಜಾಗದಲ್ಲಿ ದಾರ ಕಟ್ಟಿ, ಚಮಚದಷ್ಟು ಚಮಚದಷ್ಟು ಮಣ್ಣು ತೆಗೆದು, ಬ್ರಷ್ಷಿನಿಂದ ಗುಡಿಸಿ, ಜರಡಿ ಹಿಡಿಯುತ್ತಿದ್ದರು. ಅರ್ಧ ಜಾಗ ನೋಡಿ ಮುಗಿಸಿದ್ದರು. ನಾಲ್ಕು ಮಡಕೆ ಚೂರು ಬಿಟ್ಟರೆ ಏನೂ ಇರಲಿಲ್ಲ. ಉಳಿದರ್ಧದಲ್ಲಿ ಒಂದು ಪಟ್ಟಿ ಮಾತ್ರ ಬಾಕಿ. ಗಿರಣಿ ಇದ್ದದ್ದು ಬಾಡಿಗೆ ಕಟ್ಟಡದಲ್ಲಿ, ಅದನ್ನೂ ಮಾಲೀಕರು ಅದೇ ಬಿಲ್ಡರಿಗೆ ಮಾರಿಬಿಟ್ಟಿದ್ದರು. ಅಗೆತ ಮುಗಿಯುವ ತನಕ ನೀವಿರಿ, ಮುಗಿದ ಮರುದಿನ ಹೊರಡಿ ಎಂದು ಮಾತಾಗಿತ್ತು. ಹೊರಟು ಎಲ್ಲಿಗೆ ಹೋಗುವುದು? ಗಿರಣಿ ಎಂದ ಕೂಡಲೇ, ಸದ್ದು, ಧೂಳು, ಬೇಡಪ್ಪ ಎಂದು ಎಲ್ಲರೂ ಕೈ ಮುಗಿಯುತ್ತಿದ್ದರು.

ಗಿರಣಿಯಮ್ಮನಿಗೂ ಒಳಗೊಳಗೆ ಅದೇ ಚಿಂತೆ. ಆದರೆ ಚಿಂತೆ ಬೇರೆ, ತವರಿನ ಚೆಂಬು ಬೇರೆ.

— ಹೂಳೋದೇ ಆದ್ರೆ ನಮ್ಮಮ್ಮನ ಚೆಂಬೇ ಯಾಕೆ? ನಿಮ್ಮಮ್ಮನ ಕೊಳಗ ಇಲ್ವಾ?

— ಚೆಂಬೇ ಹಳೇದು ಕಾಣುತ್ತೆ.

— ಹಾಗಂದ್ರೆ? ನಮ್ಮಮ್ಮ ನನ್ನ ಮದುವೆಗೆ ಹಳೇ ಪಾತ್ರೆ ಕೊಟ್ಟು ಕಳಿಸಿದ್ರು ಅಂತಾನಾ?

— ಅಯ್ಯೋ, ಹೊಸದೇ ಕೊಟ್ರು ಕಣೆ. ನಾನೇ ಕಣ್ಣಾರೆ ನೋಡಿದೀನಲ್ಲ.

— ಹೊಸದಾದ್ರೆ ಸಾವಿರ ವರ್ಷದ್ದು ಅಂತ ಯಾರು ನಂಬ್ತಾರೆ?

— ಹಾಗಾದ್ರೆ ಹಳೇದು ಅಂತ್ಲೇ ಇಟ್ಕೋ.

— ನೋಡಿದ್ರಾ, ಬಾಯಿಗೆ ಬಂದೇಬಿಡ್ತು. ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ರಿ.

ಗಿರಣಿಯವರು ಸೋತರು. ಚೆಂಬನ್ನು ಚೀಲದಿಂದ ಹೊರತೆಗೆದು, ಆಗಲಿ ಮಾರಾಯ್ತಿ, ಅಮ್ಮನ ಕೊಳಗವನ್ನೇ ಒಯ್ಯುತ್ತೇನೆ ಎಂದು ಏಣಿಗೆ ಕೈಹಾಕಿದರು. ಆಗ ಗಿರಣಿಯಮ್ಮನಿಗೆ ಇನ್ನೊಂದು ಯೋಚನೆ ಬಂತು. ನಾಳೆ ಆ ಕೊಳಗ ಮ್ಯೂಸಿಯಂ ಸೇರಿ ಗಾಜಿನ ಪೆಟ್ಟಿಗೆಯೊಳಗೆ ಕೂತುಬಿಟ್ಟರೆ? ಹೋದವರೆಲ್ಲ ಅದನ್ನು ಬಗ್ಗಿ ನೋಡಿದರೆ? ನಾದಿನಿ ಆಮೇಲೆ ನೆಲದ ಮೇಲೆ ನಡೆದಾಳೆಯೇ?

— ಇಳೀರಿ ಕೆಳಗೆ. ನಮ್ಮಮ್ಮನ ಚೆಂಬನ್ನೇ ಒಯ್ಯಿರಿ.

— ಈಗ ತಾನೇ ಬೇಡ ಅಂದೆ?

— ಈಗ ತಾನೇ ಬೇಕು ಅಂದೆ. ಕೊಡಿ ಇಲ್ಲಿ. ಅಯ್ಯ, ಹೇಗೆ ಕಿಲುಬು ಹಿಡಿದಿದೆ ನೋಡಿ. ಇದನ್ನ ಹೀಗೇ ಕೊಟ್ರೆ ಆ ಮೇಡಂ ಏನಂದ್ಕೋಬೇಕು? ಈ ಮನೆ ಹೆಂಗಸಿಗೆ ಪಾತ್ರೆ ತೊಳೆಯೋಕೂ ಬರಲ್ಲ ಅಂತಾನಾ?

— ಯಾವ ಮನೆ ಅಂತ ಗೊತ್ತಾಗಬಾರದು ಅಂತ್ಲೇ ಅಲ್ವೇನೇ ಹೂಳೋದು?

— ಯಾವ ಮನೆಯದಾದ್ರೂ ಸರಿ. ಆ ಕಾಲದಲ್ಲೂ ಹೆಂಗಸರು ಇದ್ರು ತಾನೇ? ಅವರ ಮಾನ ಯಾರು ಕಾಯೋದು? ಸೋಪು ತಂದ್ರಾ?

— ಯಾವ ಸೋಪು?

— ಪಾತ್ರೆ ಸೋಪು. ಮುಗಿದು ಎಷ್ಟು ದಿನ ಆಯ್ತು, ದಿನಾ ಹೇಳ್ತಿದೀನಿ.

ಇದೊಂದು ವಿಚಿತ್ರ. ಗಿರಣಿಯಲ್ಲಿ ಚೀಟಿ ಇಲ್ಲ, ಟೋಕನ್ ಇಲ್ಲ. ಯಾರ ಡಬ್ಬ ಯಾವುದು, ಯಾರಿಗೆ ನುಣ್ಣಗೆ, ಯಾರಿಗೆ ತರಿತರಿ, ಯಾರ ಸೊಸೆ ಬಂದಮೇಲೆ ಆ ಮನೆಯ ಹಿಟ್ಟು ಹೇಗೆ ಬದಲಾಯಿತು, ಎಲ್ಲವೂ ಗಿರಣಿಯವರ ತಲೆಯೊಳಗೆ ಕಲ್ಲಿನಲ್ಲಿ ಕೊರೆದ ಹಾಗಿತ್ತು. ಊರಿನವರು ಇದನ್ನು ಹೊಗಳುತ್ತಿದ್ದರು. ಹೆಂಡತಿ ಹೇಳಿದ ಸಾಮಾನು ಮಾತ್ರ ಆ ತಲೆಯಲ್ಲಿ ಒಂದು ರಾತ್ರಿ ಕಳೆದದ್ದಿಲ್ಲ. ಸೋಪಿಲ್ಲದ ಕಾರಣ ಗಿರಣಿಯಮ್ಮ ಅರ್ಧ ನಿಂಬೆಹಣ್ಣಿಗೆ ಉಪ್ಪು ಅದ್ದಿ, ರಟ್ಟೆ ಬೀಳುವ ತನಕ ತಿಕ್ಕಿದಳು. ಚೆಂಬಿನಲ್ಲಿ ಮುಖ ಕಾಣುವಂತಾಯಿತು. ಅದರೊಳಗೆ ತನ್ನ ಮುಖ ಕಂಡಾಗ ಒಂದು ಗಳಿಗೆ ಅಮ್ಮನದೇ ಮುಖ ಅನ್ನಿಸಿ ಮನಸ್ಸು ಹಿಂಡಿತು. ಬಟ್ಟೆಯಲ್ಲಿ ಒರೆಸಿ, ಗಂಡನ ಕೈಗಿತ್ತು, ಬೇಗ ಹೋಗಿ ಬನ್ನಿ ಎಂದಳು.

ಅಗೆತದವರು ಮಧ್ಯಾಹ್ನ ಊಟಕ್ಕೆ ರಸ್ತೆಯಾಚೆಯ ಮರದಡಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ಗಿರಣಿಯವರು ಚೀಲ ಹೆಗಲಿಗೇರಿಸಿ ಹಿಂದಿನ ಬೇಲಿಯ ಸಂದಿಯಲ್ಲಿ ನುಸುಳಿದರು. ಗಿರಣಿಯಮ್ಮ ಕಿಟಕಿಗೆ ಅಂಟಿಕೊಂಡು ನಿಂತಳು. ಬೇಲಿ ಅಡ್ಡ ಬಂದು ಏನೂ ಕಾಣಲಿಲ್ಲ. ಗಂಡ ಏದುಸಿರು ಬಿಡುವುದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆ ಸದ್ದಿಗೆ ರಸ್ತೆಯಾಚೆಯವರು ಎದ್ದು ಬರದಿದ್ದುದು ಪುಣ್ಯ. ಬಹಳ ಹೊತ್ತಿನ ಮೇಲೆ ಬಂದವರ ಹೆಗಲ ಮೇಲೆ ಚೀಲ ಹೋಗುವಾಗಿನದಕ್ಕಿಂತ ಭಾರವಾಗಿತ್ತು.

— ಚೆಂಬು ಹೂತು ಬನ್ನಿ ಅಂದ್ರೆ ಬಂಡೆ ಹೊತ್ತು ತಂದಿದೀರಲ್ಲ, ಎಂದಳು ಗಿರಣಿಯಮ್ಮ.

— ನೀನೇ ಅಲ್ವಾ ಬಾಗಿಲಿಗೆ ಕಲ್ಲು ಕೇಳಿದ್ದು?

ಆಕೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಮನುಷ್ಯನಿಗೆ ತಾನು ಹೇಳಿದ್ದೊಂದು ನೆನಪಾಗಿ, ಅದು ಕೈಯಲ್ಲೂ ಬಂದದ್ದು ಮದುವೆಯಾದ ಮೇಲೆ ಇದೇ ಮೊದಲು.

ಗಿರಣಿಯವರು ನೀರು ಕುಡಿದು ಕತೆ ಹೇಳಿದರು. ಮೊದಲು ಅಗೆದು ಮುಗಿದಿದ್ದ ಅರ್ಧದಲ್ಲೇ ಗುಂಡಿ ತೋಡಿದರಂತೆ. ಅಲ್ಲಿ ಮಣ್ಣು ಮೆತ್ತಗೆ, ಕೆಲಸ ಸಲೀಸು. ಒಂದು ಗೇಣು ಹೋಗುವಷ್ಟರಲ್ಲಿ ಈ ಕಲ್ಲು ಅಡ್ಡ ಬಂತು. ಅದನ್ನು ಮೀಟಿ ತೆಗೆದು, ಇನ್ನೇನು ಚೆಂಬು ಇಳಿಸಬೇಕು, ಆಗ ಹೊಳೆಯಿತು: ನೋಡಿ ಮುಗಿಸಿದ ಜಾಗದಲ್ಲಿ ಹೂತರೆ ಮತ್ತೆ ಯಾರು ಬಂದು ನೋಡುತ್ತಾರೆ? ಸರಿ, ಗುಂಡಿ ಮುಚ್ಚಿ, ಬಾಕಿ ಉಳಿದ ಪಟ್ಟಿಯಲ್ಲಿ ಇನ್ನೊಂದು ತೋಡಿ ಚೆಂಬನ್ನು ಅಲ್ಲಿಟ್ಟು ಬಂದರು.

ಗಿರಣಿಯಮ್ಮ ಕಲ್ಲನ್ನು ಉರುಳಿಸಿ ನೋಡಿದಳು. ಮುರಿದ ಅರ್ಧ ಚಕ್ರ. ಒಂದು ಮೈ ನುಣುಪು. ಮುರಿದ ಅಂಚಿನ ನಡುವೆ ಅರ್ಧ ತೂತು.

— ಇದು ಬೀಸೋ ಕಲ್ಲಿನ ಹಾಗಿದೆಯಲ್ರೀ.

— ನಮ್ಮಪ್ಪ ಈ ಬೀದಿಯ ಬೀಸೋ ಕಲ್ಲುಗಳನ್ನೆಲ್ಲ ಮೂಲೆಗೆ ಹಾಕಿಸಿ ಗಿರಣಿ ತಂದ ಮನುಷ್ಯ. ಬೀಸೋ ಕಲ್ಲು ಯಾವುದು ಅಂತ ನಂಗೇ ಹೇಳಿಕೊಡ್ತೀಯಾ? ಇದು ಯಾವುದೋ ಚರಂಡಿ ಮುಚ್ಚಳ.

ಚರಂಡಿ ಮುಚ್ಚಳ ಎಂದಮೇಲೆ ಗಿರಣಿಯಮ್ಮ ಅದನ್ನು ಬರಿಗೈಯಲ್ಲಿ ಮುಟ್ಟಲಿಲ್ಲ, ಕಾಲಿನಿಂದಲೇ ಬಾಗಿಲಿಗೆ ತಳ್ಳಿದಳು. ಬಾಗಿಲು ಗಟ್ಟಿಯಾಗಿ ನಿಂತಿತು.

ಅದೇ ಸಂಜೆ ಬಿಲ್ಡರನ ಮ್ಯಾನೇಜರು ಬಂದ. ಈ ಮನುಷ್ಯ ಬಾಯಿ ತೆರೆದರೆ ಮೊದಲ ಮಾತು 'ಆಯ್ತಾ?' ಬೀದಿಯವರು ಅವನಿಗೆ ಆಯ್ತಾ ಸಾಹೇಬ ಎಂದೇ ಹೆಸರಿಟ್ಟಿದ್ದರು. ಮೇಡಂ ಇನ್ನೊಂದು ದಿನ ತಡೆಯಿರಿ ಎಂದರೂ ಕೇಳದೆ, ಮುಗಿದ ಅರ್ಧವಾದರೂ ಸಿದ್ಧವಾಗಲಿ ಎಂದು ಯಂತ್ರ ಬಿಟ್ಟು ಅಷ್ಟನ್ನೂ ಸಮತಟ್ಟು ಮಾಡಿಸಿ, ಮೇಲೆ ರೋಲರ್ ಓಡಿಸಿ ಹೋದ.

ಮರುದಿನ ಬೆಳಗ್ಗೆ ಗಿರಣಿ ಚಾಲೂ ಆಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಕಿಟಕಿಯಲ್ಲಿ ತಲೆ ತೂರಿಸಿ ನಿಂತಿದ್ದರು. ಅಗೆತದವರು ಗುಂಪುಗೂಡಿದರು, ಬಗ್ಗಿದರು, ಯಾರೋ ಓಡಿ ಹೋಗಿ ಮೇಡಮ್ಮನ್ನು ಕರೆತಂದರು. ಗಿರಣಿಯವರು ಹೆಂಡತಿಯ ಕೈ ಅದುಮಿದರು. ಆದರೆ ಆಮೇಲೆ ಫೋಟೋ ತೆಗೆಯುವವರು ಬರಲಿಲ್ಲ, ಪೇಪರಿನವರೂ ಬರಲಿಲ್ಲ. ಮೇಡಂ ಒಬ್ಬರೇ, ಒಂದು ತಟ್ಟೆಗೆ ಬಟ್ಟೆ ಮುಚ್ಚಿಕೊಂಡು, ನೆಟ್ಟಗೆ ಗಿರಣಿಯ ಕಡೆಗೇ ನಡೆದು ಬಂದರು.

— ಯಜಮಾನ್ರೇ, ಒಂದು ವಸ್ತು ಸಿಕ್ಕಿದೆ.

— ಹೌದಾ ಮೇಡಂ? ಸಂತೋಷ. ತಾಮ್ರದ ಚೆಂಬಾ?

— ನಾನಿನ್ನೂ ಬಟ್ಟೆ ತೆಗೆದಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಿರಣಿಯವರಂತೂ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡಿದ್ದರು. ಗಿರಣಿಯಮ್ಮ ಹಣೆ ಚಚ್ಚಿಕೊಂಡಳು.

— ಅಂದ್ರೆ, ಸಾಮಾನ್ಯವಾಗಿ ಚೆಂಬೇ ತಾನೇ ಸಿಗೋದು, ಎಂದು ಗಿರಣಿಯವರು ತೇಪೆ ಹಾಕಿದರು.

ಮೇಡಂ ಬಟ್ಟೆ ತೆಗೆದರು. ಚೆಂಬು ಕೂತಿತ್ತು. ಅದರ ಕುತ್ತಿಗೆಗೆ ಒಂದಿಷ್ಟು ಕೆಸರು ಮೆತ್ತಿತ್ತು. ಗಿರಣಿಯಮ್ಮನ ಕೈ ತಾನಾಗಿಯೇ ಒರೆಸುವ ಬಟ್ಟೆಯತ್ತ ಹೋಯಿತು. ಅವಳೇ ಅದನ್ನು ಹಿಂದಕ್ಕೆ ಎಳೆದುಕೊಂಡಳು.

— ಇದನ್ನ ಹುಡುಕಿದ್ದು ನಾವಲ್ಲ, ಇರುವೆಗಳು, ಎಂದರು ಮೇಡಂ. — ಬೆಳಗ್ಗೆ ಬಂದು ನೋಡಿದ್ರೆ ಬೇಲಿ ಸಂದಿಯಿಂದ ಆ ಪಟ್ಟಿ ತನಕ ಇರುವೆ ಸಾಲು. ಅಲ್ಲಿ ಮಣ್ಣಿನಲ್ಲಿ ಹಿಟ್ಟು ಬೆರೆತಿತ್ತು. ಸಾವಿರ ವರ್ಷದ ಪಾತ್ರೆಗೆ ನಿನ್ನೆ ಬೀಸಿದ ಹಿಟ್ಟು ಎಲ್ಲಿಂದ ಬಂತು ಯಜಮಾನ್ರೇ?

— ಗಾಳಿಗೆ ಹಾರಿರಬಹುದು.

— ಗಾಳಿ ನೆಲದೊಳಕ್ಕೆ ಬೀಸಲ್ಲ.

ಗಿರಣಿಯವರು ತಮ್ಮ ಕೈ ನೋಡಿಕೊಂಡರು. ಮುಂಗೈ ತನಕ ಬೆಳ್ಳಗಿತ್ತು. ಬೆನ್ನ ಹಿಂದೆ ಕಟ್ಟಿಕೊಂಡರು.

— ಅದಿರಲಿ, ಎಂದು ಮೇಡಂ ಚೆಂಬನ್ನು ಬೆಳಕಿಗೆ ಹಿಡಿದರು. — ಈ ಕೆಲಸಕ್ಕೆ ಸೇರಿದಾಗಿನಿಂದ ಇಷ್ಟು ಚೊಕ್ಕವಾದ ಪಾತ್ರೆ ಮಣ್ಣಿನಿಂದ ಬಂದದ್ದು ನಾನು ನೋಡಿಲ್ಲ. ತಾಮ್ರ ಅಂದ್ಮೇಲೆ ಹಸಿರು ಕಟ್ಟಿರಬೇಕು. ಇದರಲ್ಲಿ ನನ್ನ ಹಲ್ಲು ಕಾಣ್ತಿದೆ. ಯಾರೋ ನಿಂಬೆಹಣ್ಣು ಹಾಕಿ ತಿಕ್ಕಿದ್ದಾರೆ.

— ಬರೀ ನಿಂಬೆಹಣ್ಣಿಗೆ ಹೀಗೆ ಬರಲ್ಲ ಮೇಡಂ. ಉಪ್ಪೂ ಹಾಕಿದೆ, ಎಂದಳು ಗಿರಣಿಯಮ್ಮ.

ಹೇಳಿ ಮುಗಿಸಿದ ಮೇಲೆ ಆಕೆಗೆ ತಾನು ಹೇಳಿದ್ದೇನೆಂದು ತಿಳಿಯಿತು. ಏನು ಮಾಡುವುದು? ಇಷ್ಟು ವರ್ಷ ಪಾತ್ರೆ ತೊಳೆದಳು, ಒಬ್ಬರಾದರೂ ಚೊಕ್ಕ ಎಂದದ್ದಿಲ್ಲ. ಸರ್ಕಾರದ ಕಡೆಯವರು ಬಂದು ಹೊಗಳುವಾಗ ಬಾಯಿ ಮುಚ್ಚಿಕೊಂಡಿರಲು ಆಕೆ ಕಲ್ಲೇ?

— ಮುಗೀತು, ಎಂದರು ಗಿರಣಿಯವರು. — ಕೈ ತೊಳೀದೆ ನಾನು ಕೆಟ್ಟೆ, ಚೆಂಬು ತೊಳೆದು ನೀನು ಕೆಟ್ಟೆ.

ಮೇಡಂ ಹಿಟ್ಟಿನ ಡಬ್ಬದ ಮೇಲೇ ಕೂತುಬಿಟ್ಟರು. ಅಗೆತದ ಜಾಗದಲ್ಲಿ ಸುಳ್ಳು ವಸ್ತು ಇಡುವುದು ತಪ್ಪು, ತಾನಿದನ್ನು ಮೇಲಿನವರಿಗೆ ಬರೆದರೆ ಏನಾಗುತ್ತದೆ ಗೊತ್ತೇ ಎಂದು ಕೇಳಿದರು. ಗಿರಣಿಯವರಿಗೆ ಗೊತ್ತಿರಲಿಲ್ಲ, ಆದರೂ ತಲೆಯಾಡಿಸಿದರು. ಆಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳಿಕೊಂಡರು. ಮೂರು ಕಡೆ ಜಾಗ ಕೇಳಿದ್ದು, ಮೂರೂ ಕಡೆ ಇಲ್ಲ ಅಂದದ್ದು, ಒಬ್ಬರಂತೂ ಗಿರಣಿ ಎಂಬ ಮಾತು ಕೇಳಿ ಕಿವಿಗೆ ಕೈ ಇಟ್ಟುಕೊಂಡದ್ದು. ಈ ವಯಸ್ಸಿನಲ್ಲಿ ಬೇರೆ ಕೆಲಸ ಕಲಿಯಲು ತನಗೆ ಬರುವುದಿಲ್ಲ ಎಂದರು. ಹೇಳುವಾಗ ಅವರ ದೊಡ್ಡ ದನಿ ಒಂದೆರಡು ಕಡೆ ಸಿಕ್ಕಿಕೊಂಡಿತು.

ಗಿರಣಿಯಮ್ಮನಿಗೆ ಗಂಡನ ಆ ದನಿ ಕೇಳಲಾಗಲಿಲ್ಲ.

— ನಂಗೂ ಭಯ ಮೇಡಂ, ಎಂದಳು. — ಗಿರಣಿ ನಿಂತ್ರೆ ಮನೆಯಲ್ಲಿ ಸದ್ದಿರಲ್ಲ. ಆಮೇಲೆ ಇವರು ದಿನವೆಲ್ಲ ಹೇಳೋದು ಪೂರ್ತಿ ನಂಗೆ ಕೇಳಿಸುತ್ತೆ. ಆ ಶಿಕ್ಷೆ ನಂಗ್ಯಾಕೆ?

ಮೇಡಂ ನಕ್ಕರು. ನಕ್ಕವರು ಮತ್ತೆ ಮಂಕಾದರು. ತಾನಿದನ್ನು ಬರೆಯುವುದಿಲ್ಲ, ಚೆಂಬು ತೆಗೆದುಕೊಳ್ಳಿ ಎಂದರು. ಆದರೆ ಅಗೆತ ಇವತ್ತಿಗೆ ಮುಗಿಯುತ್ತದೆ, ಅದನ್ನು ತಪ್ಪಿಸಲು ತನ್ನಿಂದಾಗದು. ಇನ್ನಷ್ಟು ದಿನ ಕೊಡಿ ಎಂದು ತಾನೂ ಕೇಳಿದ್ದೆ. ಏನಾದರೂ ಸಿಕ್ಕಿದೆಯೇ ಎಂದು ಮೇಲಿನವರು ಕೇಳಿದರು. ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ, ಏನೆಂದು ಹೇಳಲಿ? ಉಗುರಿನಷ್ಟು ದೊಡ್ಡ ನಿಜವಾದ ವಸ್ತು ಒಂದು ಸಿಕ್ಕಿದ್ದರೂ ಸಾಕಿತ್ತು ಎಂದು ಎದ್ದರು.

ಎದ್ದು ಹಿಂಬಾಗಿಲಿನ ಕಡೆ ತಿರುಗಿದವರು ಕಾಲ್ಬೆರಳು ಎಡವಿ ಅಮ್ಮಾ ಎಂದರು.

— ಆ ಕಲ್ಲು ಮೇಡಂ, ನೋಡ್ಕೊಂಡು. ಚರಂಡಿ ಮುಚ್ಚಳ ಅದು, ಎಂದರು ಗಿರಣಿಯವರು.

ಮೇಡಂ ಬೆರಳು ಹಿಡಿದುಕೊಂಡು ಕೆಳಗೆ ನೋಡಿದರು. ಬೆರಳು ಬಿಟ್ಟರು. ಮೊಣಕಾಲೂರಿ ಕೂತು, ಜೇಬಿನಿಂದ ಬ್ರಷ್ಷು ತೆಗೆದು ಕಲ್ಲಿನ ಮೇಲಿನ ಹಿಟ್ಟು ಗುಡಿಸಿದರು. ನುಣುಪು ಮೈಯ ಮೇಲೆ ನಡುವಿನಿಂದ ಅಂಚಿಗೆ ಹರಿದ ಸಾಲು ಸಾಲು ಗೀರುಗಳು ಎದ್ದು ಕಂಡವು.

— ಇದು ಎಲ್ಲಿಂದ ಬಂತು?

— ನಿಮ್ಮ ಗುಂಡಿಯಿಂದ್ಲೇ. ನೀವು ನೋಡಿ ಮುಗಿಸಿದ ಅರ್ಧದಲ್ಲಿ ಚೆಂಬಿಗೆ ಮೊದಲು ಜಾಗ ಮಾಡುವಾಗ ಅಡ್ಡ ಬಂತು. ಕಿತ್ತು ಹಾಕ್ದೆ.

— ಯಜಮಾನ್ರೇ, ಇದು ಬೀಸೋ ಕಲ್ಲು. ಮನೆಯೊಳಗೆ ಕೂತು ಕೈಯಲ್ಲಿ ಬೀಸೋದಲ್ಲ, ಇಷ್ಟು ದೊಡ್ಡದನ್ನ ಎತ್ತೋ ಕತ್ತೆನೋ ಕಟ್ಟಿ ತಿರುಗಿಸಬೇಕು. ಇಲ್ಲಿ ಯಾರೋ ಊರಿಗೆಲ್ಲ ಹಿಟ್ಟು ಬೀಸಿ ಕೊಡ್ತಿದ್ರು. ನಿಮ್ಮಪ್ಪನಿಗಿಂತ ಎಷ್ಟೋ ನೂರು ವರ್ಷ ಮುಂಚೆ.

ಗಿರಣಿಯವರು ಹಿಟ್ಟಿನ ಡಬ್ಬದ ಮೇಲೆ ಕುಸಿದರು. ಸುಳ್ಳನ್ನು ಹೂತು ನಿಜವನ್ನು ಕಿತ್ತು ತಂದು ಬಾಗಿಲಿಗೆ ಅಡ್ಡ ಇಟ್ಟಿದ್ದರು. ಅದೂ ತಮ್ಮದೇ ಕಸುಬಿನ ಕಲ್ಲು. ಗುರುತಿಸಲಿಲ್ಲ. ಗಿರಣಿಯಮ್ಮ ಗಂಡನ ಮುಖ ನೋಡಿದಳು, ಒಂದು ಮಾತೂ ಆಡಲಿಲ್ಲ. ನಾನು ಆವತ್ತೇ ಹೇಳಿರಲಿಲ್ಲವೇ ಅನ್ನುವ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅಂಥ ಮಾತನ್ನು ಒಂದೇ ಸಲಕ್ಕೆ ಖರ್ಚು ಮಾಡಿ ಮುಗಿಸುವ ಹೆಂಗಸಲ್ಲ ಆಕೆ. ಮುಂದೆ ಬಹಳ ವರ್ಷ ಬೇಕಾಗುತ್ತದೆ ಎಂದು ಒಳಗಿಟ್ಟುಕೊಂಡಳು.

— ಆಯ್ತಾ?

ಮುಂಬಾಗಿಲಿನಲ್ಲಿ ಮ್ಯಾನೇಜರು ನಿಂತಿದ್ದ. ಗಿರಣಿಯಮ್ಮ ಸರಕ್ಕನೆ ಚೆಂಬು ಎತ್ತಿಕೊಂಡು, ಒರೆಸಿ, ನೀರು ತುಂಬಿ, ಬಿಸಿಲಲ್ಲಿ ಬಂದಿದೀರಿ ಸಾರ್, ಕುಡೀರಿ ಎಂದು ಅವನ ಕೈಗೇ ಕೊಟ್ಟುಬಿಟ್ಟಳು. ಅವನು ಗಟಗಟನೆ ಕುಡಿದು, ಚೆಂಬು ಚೆನ್ನಾಗಿ ಹೊಳೀತಿದೆ ಎಂದು ಮೆಚ್ಚಿ ವಾಪಸು ಕೊಟ್ಟ. ಒಂದೇ ದಿನದಲ್ಲಿ ಎರಡನೇ ಸಲ ಹೊಗಳಿಸಿಕೊಂಡ ಚೆಂಬು ಒಲೆಯ ಹಿಂದೆ ಮರೆಯಾಯಿತು.

— ಆಗಲಿಲ್ಲ, ಎಂದರು ಮೇಡಂ. ಕಲ್ಲು ತೋರಿಸಿ ವಿಷಯ ಹೇಳಿದರು.

— ಇದು ಇವರ ಕೈಗೆ ಹೇಗೆ ಬಂತು?

— ಬಾಗಿಲಿಗೆ ಅಡ್ಡ ಇಡೋಕೆ ಕಲ್ಲು ತನ್ನಿ ಅಂತ ನಾನೇ ಹೇಳಿದ್ದೆ ಸಾರ್, ಎಂದಳು ಗಿರಣಿಯಮ್ಮ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮ್ಯಾನೇಜರು ಲೆಕ್ಕ ಹಾಕಿದ. ಕಲ್ಲು ಸಿಕ್ಕಿದ್ದು ಒಂದು ಕಡೆ. ಆ ಒಂದು ಗುಂಡಿ ಮತ್ತೆ ತೆರೆದು, ಉಳಿದರ್ಧ ಕಲ್ಲು ಇದ್ದರೆ ಎತ್ತಿಕೊಂಡು ಹೋದರಾಯಿತು. ಸಂಜೆಗೆ ಮುಗಿಯುವ ಕೆಲಸ. ಅಲ್ಲವೇ?

— ಎಲ್ಲಿ ಅಂತ ಗೊತ್ತಾದ್ರೆ ಹೌದು, ಎಂದರು ಮೇಡಂ. — ಹೊಸದಾಗಿ ತೋಡಿದ ಗುಂಡಿಯ ಗುರುತು ಮಣ್ಣಿನಲ್ಲೇ ಕಾಣುತ್ತೆ. ಆದ್ರೆ ಅದು ಮುಗಿದ ಅರ್ಧದಲ್ಲಿತ್ತು. ನಿನ್ನೆ ಸಂಜೆ ತಡೀರಿ ಅಂದ್ರೂ ಕೇಳದೆ ಯಂತ್ರ ಓಡಿಸಿದೋರು ನೀವೇ. ಈಗ ಅಲ್ಲಿ ನಿಮ್ಮ ರೋಲರ್ ಗುರುತು ಬಿಟ್ಟು ಬೇರೇನೂ ಇಲ್ಲ.

— ಗೊತ್ತಾಗದಿದ್ರೆ?

— ಆ ಅರ್ಧ ಪೂರ್ತಿ ಮತ್ತೆ ಅಗೀಬೇಕು. ಚಮಚದಲ್ಲೇ. ಈ ಸಲ ಇನ್ನೂ ಆಳಕ್ಕೆ. ಎಷ್ಟು ದಿನ ಅಂತ ಕೇಳ್ಬೇಡಿ, ದಿನದ ಲೆಕ್ಕ ಅಲ್ಲ ಅದು.

— ಅದರ ಅವಶ್ಯಕತೆಯೇ ಇಲ್ಲ, ಎಂದು ಮ್ಯಾನೇಜರು ನಕ್ಕು ಗಿರಣಿಯವರ ಕಡೆ ತಿರುಗಿದ. — ನಮ್ಮ ಯಜಮಾನ್ರ ನೆನಪಿನ ಶಕ್ತಿ ಊರಿಗೇ ಗೊತ್ತಲ್ಲ. ಹೇಳಿ ಯಜಮಾನ್ರೇ, ಎಲ್ಲಿ ಸಿಕ್ತು?

ಗಿರಣಿಯವರಿಗೆ ಹೊಗಳಿಕೆಯೆಂದರೆ ಪ್ರಾಣ. ಅವರ ಮುಖ ಅರಳಿತು, ಎದೆ ಮುಂದೆ ಬಂತು. ಬೇಲಿಯ ಯಾವ ಕಂಬದಿಂದ ಎಷ್ಟು ಮಾರು, ಎಡಕ್ಕೆಷ್ಟು, ಬಲಕ್ಕೆಷ್ಟು, ಎಲ್ಲವೂ ಆ ತಲೆಯಲ್ಲಿ ಸಿದ್ಧವಾಗಿ ಸಾಲುಗಟ್ಟಿ ನಿಂತಿರುವುದು ಗಿರಣಿಯಮ್ಮನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಬಾಯಿ ತೆರೆಯಿತು. ಆಕೆ ಹಿಮ್ಮಡಿ ಎತ್ತಿ ಗಂಡನ ಕಿರುಬೆರಳಿನ ಮೇಲೆ ಊರಿದಳು, ಊರಿ ಮೈಭಾರ ಬಿಟ್ಟಳು.

ತೆರೆದ ಬಾಯಿ ಹಾಗೇ ನಿಂತಿತು. ಗಿರಣಿಯವರು ಹೆಂಡತಿಯನ್ನು ನೋಡಿದರು, ಕಲ್ಲನ್ನು ನೋಡಿದರು, ಬಹಳ ವರ್ಷಗಳಿಂದ ತಿರುಗಿದ ತಮ್ಮ ಗಿರಣಿಯನ್ನು ನೋಡಿದರು. ಆಮೇಲೆ ಹುಟ್ಟಿದ ಮೇಲೆ ಮೊತ್ತಮೊದಲ ಸಲ, ಪಕ್ಕದಲ್ಲಿ ನಿಂತವರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಏನೋ ಅಂದರು.

— ಏನಂದ್ರಿ?

— ಮರ್ತುಹೋಗಿದೆ ಸಾರ್.

— ಮರ್ತುಹೋಗಿದೆಯಾ? ನಿಮಗಾ?

— ವಯಸ್ಸಾಯ್ತು ನೋಡಿ.

ಮೇಡಂ ಗಿರಣಿಯವರ ಮುಖವನ್ನೇ ನೋಡುತ್ತ ನಿಂತರು. ಮ್ಯಾನೇಜರು ಕೈ ಕೈ ಹಿಸುಕಿಕೊಂಡ. ಇನ್ನೊಂದು ಗಳಿಗೆ ಹಾಗೇ ಕಳೆದಿದ್ದರೆ ಅವನು ಹೊರಟು ಹೋಗುತ್ತಿದ್ದನೇನೋ. ಅಷ್ಟರಲ್ಲಿ ಮೂಲೆಮನೆಯ ಅಜ್ಜಿ ಕೋಲೂರಿಕೊಂಡು ಒಳಗೆ ಬಂದರು. ಮಗಳ ಬಾಣಂತನಕ್ಕೆಂದು ದೂರದೂರಿಗೆ ಹೋಗಿ ಆರು ತಿಂಗಳಾಗಿತ್ತು. ಹೋಗುವ ದಿನ ಗೋಧಿ ಕೊಟ್ಟು ಹೋಗಿದ್ದೆ, ನನ್ನ ಡಬ್ಬ ಇನ್ನೂ ಇದೆಯೋ ಇಲ್ಲವೋ, ನಿನಗೆ ನೆನಪಿದೆಯೋ ಇಲ್ಲವೋ ಎಂದು ಕೇಳಿದರು.

— ನೆನಪಿಲ್ದೆ ಏನಜ್ಜಿ? ಎಂದು ಗಿರಣಿಯವರ ದನಿ ಸೂರಿಗೆ ಬಡಿಯಿತು. — ಮೇಲಿನ ಸಾಲು, ಎಡಗಡೆಯಿಂದ ನಾಲ್ಕನೇ ಡಬ್ಬ, ಹಿಡಿಗೆ ನೀಲಿ ದಾರ. ಅರ್ಧ ನುಣ್ಣಗೆ, ಅರ್ಧ ತರಿ ಅಂದಿದ್ರಿ. ಬಸ್ಸಿಗೆ ಹೊತ್ತಾಯ್ತು ಅಂತ ಛತ್ರಿ ಇಲ್ಲೇ ಬಿಟ್ಟು ಓಡಿದ್ರಿ, ಅದು ಬಾಗಿಲ ಹಿಂದೆ ಇದೆ. ಆವತ್ತು ನಿಮ್ಮ ಎಡಗಾಲು ನೋಯ್ತಿತ್ತು. ಹೇಗಿದೆ ಈಗ?

ಗಿರಣಿಯಮ್ಮನ ಹಿಮ್ಮಡಿ ಮತ್ತೆ ಎದ್ದಿತು, ಆದರೆ ಹೊತ್ತು ಮೀರಿತ್ತು. ಮ್ಯಾನೇಜರು ನಿಧಾನವಾಗಿ ತಿರುಗಿದ.

— ಆರು ತಿಂಗಳ ಹಿಂದಿನ ನೀಲಿ ದಾರ ನೆನಪಿದೆ. ನಿನ್ನೆ ಕಿತ್ತ ಕಲ್ಲು ನೆನಪಿಲ್ಲ. ಅಲ್ವಾ ಯಜಮಾನ್ರೇ?

ಬೇಲಿ ಕಂಬ, ಎಡ, ಬಲ, ಎಲ್ಲ ಗಿರಣಿಯವರ ಮುಖದ ಮೇಲೆ ಓದುವಷ್ಟು ದೊಡ್ಡದಾಗಿ ಮೂಡತೊಡಗಿತ್ತು. ಗಿರಣಿಯಮ್ಮ ಮುಂದೆ ಬಂದಳು.

— ಅದು ಹಿಟ್ಟಿನ ನೆನಪು ಸಾರ್. ಹಿಟ್ಟು ಬಿಟ್ರೆ ಇವರ ತಲೇಲಿ ಇನ್ನೇನೂ ನಿಲ್ಲಲ್ಲ. ನಂಬಿಕೆ ಇಲ್ಲ ಅಂದ್ರೆ ನೀವೇ ಪರೀಕ್ಷೆ ಮಾಡಿ. ಇವತ್ತು ಬೆಳಗ್ಗೆ ಏಳ್ತಿದ್ದ ಹಾಗೇ ಇನ್ನೊಂದು ಸಲ ಹೇಳಿದೀನಿ. ಕೇಳಿ ಇವರನ್ನ, ಸೋಪು ತಂದ್ರಾ ಅಂತ.

ಮ್ಯಾನೇಜರು ಕೇಳಿದ. ಗಿರಣಿಯವರು ಹುಬ್ಬು ಗಂಟಿಕ್ಕಿದರು. ಅವನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಸೂರು ನೋಡಿದರು. ಪ್ರಾಮಾಣಿಕವಾಗಿ ಯೋಚಿಸಿದರು. ಬಾಗಿಲ ಬಳಿ ಮೇಡಂ ಆಗಲೇ ಅಳತೆಯ ಟೇಪು ಬಿಚ್ಚತೊಡಗಿದ್ದರು.

— ಯಾವ ಸೋಪು?